ಯಾರ ಸ್ಟ್ರೈಕರ್ ಮೇಲು? ಗೋಲು ಲೆಕ್ಕದ ಕಗ್ಗಂಟು ಹುಟ್ಟಿದ್ದು ಹೀಗೆ

ಫುಟ್‌ಬಾಲ್‌ನಲ್ಲಿ ಗೋಲು ಎಣಿಸುವುದು ಸುಲಭದ ಕೆಲಸ. ಚೆಂಡು ಪೂರ್ತಿ ಗೆರೆ ದಾಟಿದರೆ ಒಂದು, ಇಲ್ಲದಿದ್ದರೆ ಸೊನ್ನೆ. ಆದರೂ ಎದುರಾಳಿ ಕ್ಲಬ್‌ಗಳ ಇಬ್ಬರು ಸ್ಟ್ರೈಕರ್‌ಗಳನ್ನು ಪಕ್ಕಪಕ್ಕ ನಿಲ್ಲಿಸಿದ ಕೂಡಲೇ ಜಗಳ ಶುರು. ಒಬ್ಬ ಒಟ್ಟು ಗೋಲು ಹೇಳುತ್ತಾನೆ. ಇನ್ನೊಬ್ಬ 'ಪೆನಾಲ್ಟಿ (ಗೋಲ್‌ಕೀಪರ್ ಒಬ್ಬನೇ ಎದುರಿರುವ ಹೊಡೆತ) ಕಳೆದು ಹೇಳು' ಅನ್ನುತ್ತಾನೆ. ಮೂರನೆಯವನು ಎಷ್ಟು ಪಂದ್ಯಕ್ಕೆ ಎಷ್ಟು ಎಂದು ಕೇಳುತ್ತಾನೆ. ಮೂವರ ಲೆಕ್ಕವೂ ಸರಿ, ಉತ್ತರ ಮಾತ್ರ ಬೇರೆ ಬೇರೆ.

ಇದರ ಬೇರು ತುಂಬ ಹಳೆಯದು. 1925ರವರೆಗೆ ಆಫ್‌ಸೈಡ್ (ಎದುರಾಳಿ ಗೋಲಿನ ಕಡೆ ತೀರ ಮುಂದೆ ನಿಂತು ಪಾಸ್ ಪಡೆಯುವ ತಪ್ಪು) ಆಗದಿರಲು ಮುಂದಿರುವ ಆಟಗಾರನಿಗೂ ಗೋಲ್ ಗೆರೆಗೂ ನಡುವೆ ಎದುರಾಳಿ ತಂಡದ ಮೂವರು ಇರಬೇಕಿತ್ತು. ಆ ವರ್ಷ ಇಬ್ಬರು ಸಾಕು ಎಂದಾಯಿತು. ಗೋಲಿನ ಮಳೆಯೇ ಸುರಿಯಿತು. 1926-27ರಲ್ಲಿ ಮಿಡಲ್ಸ್‌ಬರೋದ ಜಾರ್ಜ್ ಕ್ಯಾಮ್ಸೆಲ್ ಎರಡನೇ ಡಿವಿಷನ್‌ನಲ್ಲಿ 59 ಗೋಲು ಹೊಡೆದರು. ಮರುವರ್ಷ ಎವರ್ಟನ್‌ನ ಡಿಕ್ಸಿ ಡೀನ್ ಮೊದಲ ಡಿವಿಷನ್‌ನಲ್ಲಿ 60 ಬಾರಿಸಿದರು. ಆ 60ರ ಹತ್ತಿರಕ್ಕೆ ಇಂಗ್ಲೆಂಡಿನ ಮೇಲಿನ ಹಂತದಲ್ಲಿ ಈಗ ಯಾರೂ ಸುಳಿಯುವುದಿಲ್ಲ. ನಿಯಮ ಬದಲಾದ ಹೊಸದರಲ್ಲಿ ಡಿಫೆಂಡರ್‌ಗಳು ಇನ್ನೂ ತಬ್ಬಿಬ್ಬಾಗಿದ್ದ ಕಾಲ ಅದು ಎಂಬುದು ದಾಖಲೆ ಪಟ್ಟಿಯಲ್ಲಿ ಎಲ್ಲೂ ಕಾಣುವುದಿಲ್ಲ.

ಆಮೇಲೆ ದಶಕಗಳು ಉರುಳಿದವು. 1992ರಲ್ಲಿ ಇಂಗ್ಲೆಂಡಿನ ಮೊದಲ ಡಿವಿಷನ್ ಜಾಗಕ್ಕೆ ಪ್ರೀಮಿಯರ್ ಲೀಗ್ ಬಂತು, ಅದರ ಜೊತೆ ಅತಿ ಹೆಚ್ಚು ಗೋಲು ಹೊಡೆದವರ ಹೊಸ ಪಟ್ಟಿಯೂ ಬಂತು. ಅದರ ತುದಿಯಲ್ಲಿ 260 ಗೋಲಿನ ಅಲನ್ ಶಿಯರರ್ ಇದ್ದಾರೆ. 1992ಕ್ಕೆ ಮುಂಚೆ ಮೇಲಿನ ಡಿವಿಷನ್‌ನಲ್ಲೇ ಅವರು ಹೊಡೆದ 23 ಗೋಲು ಅದರಲ್ಲಿಲ್ಲ. ಅದೇ ಹಂತದಲ್ಲಿ 357 ಗೋಲು ಹೊಡೆದ ಜಿಮ್ಮಿ ಗ್ರೀವ್ಸ್ ಅಂತೂ ಪಟ್ಟಿಯಲ್ಲೇ ಇಲ್ಲ. ಹೆಸರು ಬದಲಾದರೆ ಚರಿತ್ರೆಯೂ ಹೊಸದಾಗಿ ಶುರುವಾಗುತ್ತದೆ ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಸುಮ್ನೆ ಹಾಗೇ ಆಗಿಹೋಯಿತು.

ಹೊಸ ಪಟ್ಟಿಯ ಒಳಗೂ ಒಂದು ತೊಡಕಿದೆ. ಮೊದಲ ಮೂರು ವರ್ಷ ಲೀಗ್‌ನಲ್ಲಿ 22 ತಂಡ, ತಲಾ 42 ಪಂದ್ಯ. 1995ರ ನಂತರ 20 ತಂಡ, 38 ಪಂದ್ಯ. ಆಂಡಿ ಕೋಲ್ ಮತ್ತು ಶಿಯರರ್ ಒಂದೊಂದು ಸೀಸನ್‌ನಲ್ಲಿ 34 ಗೋಲು ಹೊಡೆದದ್ದು ಆ 42ರ ಕಾಲದಲ್ಲಿ.

2002-03ರಲ್ಲಿ ಜಗಳಕ್ಕೆ ಇನ್ನೊಂದು ಎಳೆ ಸೇರಿತು. ಮ್ಯಾಂಚೆಸ್ಟರ್ ಯುನೈಟೆಡ್‌ನ ರೂಡ್ ವಾನ್ ನಿಸ್ಟೆಲ್‌ರೂಯ್ 25 ಗೋಲು, ಆರ್ಸೆನಲ್‌ನ ಥಿಯರಿ ಆನ್ರಿ 24. ಸೀಸನ್‌ನ ಅತಿ ಹೆಚ್ಚು ಗೋಲಿಗೆ ಸಿಗುವ ಗೋಲ್ಡನ್ ಬೂಟ್ ಒಂದೇ ಗೋಲಿನಿಂದ ಯುನೈಟೆಡ್ ಕಡೆಗೆ ಹೋಯಿತು. ಆದರೆ ಆನ್ರಿ ಆ ಸೀಸನ್‌ನಲ್ಲಿ ಸಹ ಆಟಗಾರರಿಗೆ 20 ಗೋಲು ಹೊಡೆಯಲು ಪಾಸ್ ಕೊಟ್ಟಿದ್ದರು. ಬೂಟಿನ ಲೆಕ್ಕಕ್ಕೆ ಅದು ಬರುವುದಿಲ್ಲ.

ಜಗಳ ನಿಜವಾಗಿ ಕಾವೇರಿದ್ದು 2018ರ ಏಪ್ರಿಲ್‌ನಲ್ಲಿ. ಲಿವರ್‌ಪೂಲ್‌ನ ಮೊಹಮದ್ ಸಲಾ ಮತ್ತು ಟಾಟನ್‌ಹ್ಯಾಮ್‌ನ ಹ್ಯಾರಿ ಕೇನ್ ನಡುವೆ ಪೈಪೋಟಿ ನಡೆದಿತ್ತು. ಸ್ಟೋಕ್ ವಿರುದ್ಧದ ಪಂದ್ಯದಲ್ಲಿ ಕ್ರಿಶ್ಚಿಯನ್ ಎರಿಕ್ಸನ್ ಹೊಡೆದ ಫ್ರೀ ಕಿಕ್ ಗುಂಪಿನ ಮಧ್ಯೆ ನುಗ್ಗಿ ಬಲೆ ಸೇರಿತು. ಕೇನ್ ಅದಕ್ಕೆ ಮೈಯೊಡ್ಡಿ ಹಾರಿದ್ದರು. ಚೆಂಡು ಭುಜಕ್ಕೆ ಸವರಿತೋ ಇಲ್ಲವೋ? ಮೊದಲು ಗೋಲು ಎರಿಕ್ಸನ್ ಹೆಸರಿಗೆ ಹೋಯಿತು. ಕೇನ್ ಒಪ್ಪಲಿಲ್ಲ. ತನಗೆ ತಗುಲಿತು ಎಂದು ಮಗಳ ಮೇಲೆ ಆಣೆ ಇಟ್ಟು ಹೇಳಿದರು. ಕ್ಲಬ್ ಮೇಲ್ಮನವಿ ಹಾಕಿತು, ಸಮಿತಿ ದೃಶ್ಯ ನೋಡಿ ಗೋಲನ್ನು ಕೇನ್ ಹೆಸರಿಗೆ ಬರೆಯಿತು. ಅವರ ಲೆಕ್ಕ 24ರಿಂದ 25ಕ್ಕೆ ಏರಿತು. ಆಗ ಸಲಾ 29ರಲ್ಲಿದ್ದರು. ಟ್ವಿಟರ್‌ನಲ್ಲಿ ಸಲಾ ಬರೆದದ್ದು ಉದ್ದುದ್ದದ ಒಂದು 'ವಾವ್' ಮತ್ತು 'ನಿಜವಾಗಲೂ?' ಎಂಬ ಪ್ರಶ್ನೆ, ಅಷ್ಟೇ. ಕೊನೆಗೆ ಸಲಾ 32, ಕೇನ್ 30. ಆ ಒಂದು ಗೋಲಿನಿಂದ ಬೂಟಿನ ಗತಿ ಬದಲಾಗಲಿಲ್ಲ. ಆದರೆ ಗೋಲು ಯಾರದ್ದು ಎಂಬುದೇ ತೀರ್ಪಿನ ವಿಷಯ ಎಂಬುದು ಎಲ್ಲರಿಗೂ ಗೊತ್ತಾಯಿತು.

ಸಲಾ ಅವರ ಆ 32ರಲ್ಲಿ ಪೆನಾಲ್ಟಿ ಒಂದೇ ಒಂದು. ಇದನ್ನು ನೆನಪಿಟ್ಟುಕೊಳ್ಳಿ. 2022-23ರಲ್ಲಿ ಮ್ಯಾಂಚೆಸ್ಟರ್ ಸಿಟಿಯ ಎರ್ಲಿಂಗ್ ಹಾಲಂಡ್ 36 ಗೋಲು ಹೊಡೆದು ಪ್ರೀಮಿಯರ್ ಲೀಗ್‌ನ 34ರ ದಾಖಲೆ ಮುರಿದರು. ಅದರಲ್ಲಿ 7 ಪೆನಾಲ್ಟಿ. ಕಳೆದು ನೋಡಿದರೆ ಹಾಲಂಡ್ 29, ಸಲಾ 31. ಆಡಿದ ಪಂದ್ಯ 35 ಮತ್ತು 36, ಹೆಚ್ಚುಕಡಿಮೆ ಒಂದೇ. ಮೇಲಾಗಿ ಸಲಾ ಆಡುತ್ತಿದ್ದದ್ದು ಬಲ ಅಂಚಿನಿಂದ, ಹಾಲಂಡ್ ಗೋಲಿನ ಬಾಯಲ್ಲೇ ನಿಲ್ಲುವವರು. ಪೆನಾಲ್ಟಿ ಹೊಡೆಯಲೂ ಗುಂಡಿಗೆ ಬೇಕು, ಇಲ್ಲ ಅನ್ನುವುದಿಲ್ಲ. ಆದರೆ ನಾಲ್ಕರಲ್ಲಿ ಮೂರು ಒಳಗೆ ಹೋಗುವ ಹೊಡೆತವನ್ನೂ ಮೂವರ ನಡುವಿಂದ ತೂರಿಸಿದ ಹೊಡೆತವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಹೇಗೆ? ವಿಚಿತ್ರ ಅಂದರೆ ಪೆನಾಲ್ಟಿ ಕಳೆಯಬೇಕು ಅಂತ ನೆನಪಾಗುವುದು ಎದುರಾಳಿಯ ಸ್ಟ್ರೈಕರ್ ವಿಷಯದಲ್ಲಿ ಮಾತ್ರ.

ಹೊಡೆತ ಗೋಲಾಗುವ ಸಾಧ್ಯತೆಯನ್ನು ಅಳೆಯುವ ಎಕ್ಸ್‌ಜಿ ಬಂದಾಗ ಜಗಳ ತಣ್ಣಗಾಗಬಹುದು ಅಂದುಕೊಂಡವರಿದ್ದರು. ಎಕ್ಸ್‌ಜಿಗಿಂತ ಜಾಸ್ತಿ ಹೊಡೆದವನನ್ನು ಒಂದು ಕಡೆಯವರು ನಿಪುಣ ಅಂದರು, ಇನ್ನೊಂದು ಕಡೆಯವರು ಅದೃಷ್ಟವಂತ ಅಂದರು.

ದೇಶ ದೇಶಗಳ ನಡುವೆ ಹೋಲಿಕೆ ಇನ್ನೂ ಕಷ್ಟ. ಯುರೋಪಿನ ಲೀಗ್‌ಗಳಲ್ಲೆಲ್ಲ ಮೇಲಾದ ಗೋಲುಗಾರನಿಗೆ ಕೊಡುವ ಗೋಲ್ಡನ್ ಶೂ 1968ರಿಂದ ಇದೆ. ಮೊದಲು ಯಾವ ಲೀಗ್ ಆದರೂ ಗೋಲಿಗೆ ಗೋಲು ಸಮ. 1986-87ರಲ್ಲಿ ರೊಮೇನಿಯಾದ ರೋಡಿಯಾನ್ ಕಮಟಾರು 44 ಗೋಲಿನೊಂದಿಗೆ ಗೆದ್ದರು. ಸೀಸನ್‌ನ ಕೊನೆಯ ಕೆಲವೇ ಪಂದ್ಯಗಳಲ್ಲಿ ಗೋಲುಗಳು ರಾಶಿ ಬಿದ್ದದ್ದು ನೋಡಿ ಹುಬ್ಬೇರಿದವು. 39 ಗೋಲಿನೊಂದಿಗೆ ಎರಡನೆಯವರಾಗಿದ್ದ ಆಸ್ಟ್ರಿಯಾದ ಟೋನಿ ಪೋಲ್ಸ್ಟರ್‌ಗೆ ಆಮೇಲೆ ಇನ್ನೊಂದು ಶೂ ಕೊಡಬೇಕಾಯಿತು. 1996-97ರಿಂದ ಲೀಗ್‌ಗೆ ತಕ್ಕ ತೂಕ ಬಂತು: ದೊಡ್ಡ ಐದು ಲೀಗ್‌ಗಳ ಗೋಲಿಗೆ 2 ಅಂಕ, ನಂತರದವಕ್ಕೆ ಒಂದೂವರೆ, ಉಳಿದವಕ್ಕೆ 1.

2023ರಲ್ಲಿ ಕೇನ್ 213 ಪ್ರೀಮಿಯರ್ ಲೀಗ್ ಗೋಲು ಮುಗಿಸಿ ಜರ್ಮನಿಯ ಬಯರ್ನ್ ಮ್ಯೂನಿಕ್‌ಗೆ ಹೋದರು. ಮೊದಲ ಸೀಸನ್‌ನಲ್ಲೇ 32 ಪಂದ್ಯಕ್ಕೆ 36 ಗೋಲು. ಹಿಂದಿನ ವರ್ಷದ ಹಾಲಂಡ್ ಗೋಲುಗಳೂ 36. ಗೋಲ್ಡನ್ ಶೂ ಲೆಕ್ಕದಲ್ಲಿ ಇಬ್ಬರಿಗೂ 72 ಅಂಕ. ಜರ್ಮನಿಯಲ್ಲಿ ಗೋಲು ಹೊಡೆಯುವುದು ಸಲೀಸು ಅಂತ ಕೆಲವರು ಕೂಡಲೇ ಮೂಗು ಮುರಿದರು. 2022ರಲ್ಲಿ ಹಾಲಂಡ್ ಜರ್ಮನಿಯದೇ ಕ್ಲಬ್ ಡಾರ್ಟ್‌ಮುಂಡ್‌ನಿಂದ ಬಂದಾಗಲೂ ಇದೇ ಮಾತು ಕೇಳಿಬಂದಿತ್ತು.