ಕಿಲೋಮೀಟರ್ ಸಿಕ್ಕಿತು, ಟವರ್ ಯಾವುದು?

ಒಡಿಶಾದ ತಾಲ್ಚೇರ್‌ನಿಂದ ನಮ್ಮ ಕೋಲಾರಕ್ಕೆ ಒಂದು ಡಿಸಿ ಲೈನ್, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟಿನ ಲೈನ್ ಬರುತ್ತದೆ. 2003ರಿಂದ ಕರೆಂಟ್ ತರುತ್ತಿದೆ. ಪ್ಲಸ್ 500 ಕಿಲೋವೋಲ್ಟಿನ ಒಂದು ಪೋಲ್ (ಕಂಬ ಅಲ್ಲ, ಧ್ರುವ), ಮೈನಸ್ 500ರ ಇನ್ನೊಂದು. ಉದ್ದ ಸುಮಾರು 1,400 ಕಿ.ಮೀ. 400 ಮೀಟರಿಗೆ ಒಂದು ಟವರ್ ಅಂತ ಹಿಡಿದರೂ ಮೂರೂವರೆ ಸಾವಿರ ಟವರ್ ಆಯಿತು. ಇಷ್ಟು ಉದ್ದದ ಲೈನಿನಲ್ಲಿ ಎಲ್ಲೋ ಒಂದು ಇನ್ಸುಲೇಟರ್ (ತಂತಿಯನ್ನು ಟವರಿಗೆ ತಾಗದಂತೆ ಹಿಡಿಯುವ ಡಿಸ್ಕುಗಳ ಸರ) ಫ್ಲ್ಯಾಶ್‌ಓವರ್ ಆದರೆ, ಅಂದರೆ ಕರೆಂಟ್ ಅದರ ಮೇಲಿಂದ ಟವರಿಗೆ ಹಾರಿದರೆ, ಆ ಜಾಗ ಹುಡುಕೋದು ಹೇಗೆ?

ಎಸಿ ಲೈನಿನಲ್ಲಿ ಒಂದು ಅನುಕೂಲ ಇದೆ. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದ ಲೆಕ್ಕದಿಂದ ಲೈನಿನ ರಿಯಾಕ್ಟೆನ್ಸ್, ಅಂದರೆ ಏರಿಳಿಯುವ ಕರೆಂಟಿಗೆ ಮಾತ್ರ ತಂತಿ ಒಡ್ಡುವ ತಡೆ, ಗೊತ್ತಾಗುತ್ತದೆ, ಅದರಿಂದ ದೂರ ಸಿಗುತ್ತದೆ. ಡಿಸಿಯಲ್ಲಿ 50 ಹರ್ಟ್ಸ್ ಏರಿಳಿತ ಅನ್ನೋದೇ ಇಲ್ಲ. ಉಳಿಯೋದು ತಂತಿಯ ರೆಸಿಸ್ಟೆನ್ಸ್ ಮಾತ್ರ. ಅದರ ಜೊತೆಗೆ ಫಾಲ್ಟ್ ಆದ ಜಾಗದ ರೆಸಿಸ್ಟೆನ್ಸೂ ಸೇರಿಕೊಂಡರೆ ಯಾವುದು ಯಾವುದು ಅಂತ ಬೇರೆ ಮಾಡೋಕೆ ಆಗಲ್ಲ. ಅಳೆಯೋಕೆ ಸಮಯವೂ ಇಲ್ಲ. ಫಾಲ್ಟ್ ಕಂಡ ಕೂಡಲೇ ಕನ್ವರ್ಟರ್ (ಲೈನಿನ ತುದಿಯಲ್ಲಿ ಎಸಿ-ಡಿಸಿ ಬದಲಿಸುವ ಯಂತ್ರ) ತಾನೇ ಕರೆಂಟನ್ನು ಸೊನ್ನೆಗೆ ಇಳಿಸುತ್ತದೆ. ಗಾಳಿ ತಣ್ಣಗಾಗಲಿ ಅಂತ ಒಂದು ಗಳಿಗೆ ಕಾಯುತ್ತದೆ, ಮತ್ತೆ ಚಾರ್ಜ್ ಮಾಡುತ್ತದೆ. ಎರಡು ಮೂರು ಸಲ ಆಗದಿದ್ದರೆ ವೋಲ್ಟೇಜ್ ಇಳಿಸಿ ನೋಡುತ್ತದೆ. ಅದೂ ಆಗದಿದ್ದರೆ ಆ ಪೋಲ್ ಬಂದ್.

ಅದಕ್ಕೇ ಡಿಸಿಯಲ್ಲಿ ಅಲೆಯ ಲೆಕ್ಕ. ಫಾಲ್ಟ್ ಆದ ಕ್ಷಣ ಆ ಜಾಗದಿಂದ ಎರಡೂ ಕಡೆಗೆ ವೋಲ್ಟೇಜಿನ ಅಲೆ ಓಡುತ್ತದೆ, ಹೆಚ್ಚು ಕಡಿಮೆ ಬೆಳಕಿನ ವೇಗದಲ್ಲಿ. ಮಿಲಿಸೆಕೆಂಡಿಗೆ 295 ಕಿ.ಮೀ. ಅಂತ ಇಟ್ಟುಕೊಳ್ಳಿ. ಅಲೆ ಯಾವ ತುದಿಗೆ ಎಷ್ಟು ಹೊತ್ತಿಗೆ ಬಂತು ಅಂತ ಜಿಪಿಎಸ್ ಗಡಿಯಾರ ಬರೆದಿಡುತ್ತದೆ. ತಾಲ್ಚೇರ್‌ಗಿಂತ ಕೋಲಾರಕ್ಕೆ 2 ಮಿಲಿಸೆಕೆಂಡ್ ಮೊದಲು ಬಂತು ಅಂದುಕೊಳ್ಳೋಣ. ಅಷ್ಟರಲ್ಲಿ ಅಲೆ ಓಡುವ ದೂರ 590 ಕಿ.ಮೀ. 1,400ರಲ್ಲಿ ಅದನ್ನು ಕಳೆದು ಅರ್ಧ ಮಾಡಿ. ಕೋಲಾರದಿಂದ 405 ಕಿ.ಮೀ. ಗಡಿಯಾರ ಒಂದು ಮೈಕ್ರೋಸೆಕೆಂಡ್ ತಪ್ಪಿದರೂ ದೂರದಲ್ಲಿ ತಪ್ಪೋದು 150 ಮೀಟರ್ ಅಷ್ಟೆ. ಅರ್ಧ ಸ್ಪ್ಯಾನ್ (ಎರಡು ಟವರ್ ನಡುವಿನ ದೂರ) ಕೂಡ ಅಲ್ಲ.

ಇಷ್ಟು ಚೆನ್ನಾಗಿರೋ ಲೆಕ್ಕ ಕೈಕೊಡೋದು ಎಲ್ಲಿ? ನಾನು ಕಂಡಂತೆ, ಲೆಕ್ಕಕ್ಕೆ ಹಿಡಿದ ಲೈನಿನ ಉದ್ದದಲ್ಲಿ.

ಒಂದು ಲೈನಿನ ಕಥೆ ಹೇಳುತ್ತೇನೆ. ಮಂಜು ಬಿದ್ದ ಒಂದು ಬೆಳಗಿನ ಜಾವ ಪೋಲ್ ಟ್ರಿಪ್ ಆಗಿ, ತಾನೇ ಮತ್ತೆ ಚಾರ್ಜ್ ಆಗಿತ್ತು. ಲೊಕೇಟರ್ (ಈ ಅಲೆಯ ಲೆಕ್ಕ ಮಾಡುವ ಯಂತ್ರ) ಕೊಟ್ಟ ಕಿಲೋಮೀಟರ್ ಹಿಡಿದು ಹುಡುಗರು ಹೋದರು. ಆ ಟವರಿನ ಆಚೆ ಮೂರು, ಈಚೆ ಮೂರು ನೋಡಿದರು. ಏನೂ ಇಲ್ಲ. ಮರುದಿನ ಹೊಲದಲ್ಲಿದ್ದ ಅಜ್ಜ ಒಬ್ಬರು, ‘ಇಲ್ಲೇನು ಹುಡುಕ್ತೀರಪ್ಪಾ? ಢಂ ಅಂದಿದ್ದು ಆ ದಿಣ್ಣೆ ಹತ್ರ’ ಅಂದರು. ಐದನೇ ಟವರ್. ಬೈನಾಕ್ಯುಲರ್ ಹಿಡಿದರೆ ಕೆಳಗಿನ ಡಿಸ್ಕುಗಳ ಅಂಚಿನಲ್ಲಿ ಹೊಳಪು ಹೋಗಿ ಬಿಳಿಚಿದ ಗುರುತು, ಪಿನ್ನಿನ ಹತ್ತಿರ ಕರಗಿದ ಉಗುರಿನಷ್ಟು ಚುಕ್ಕೆ. ಡಿಸ್ಕಿನ ಮೇಲೆ ಸಿಮೆಂಟಿನಂತೆ ಅಂಟಿದ ಧೂಳು. ಡಿಸಿ ಲೈನ್ ಧೂಳನ್ನು ಎಸಿಗಿಂತ ಜಾಸ್ತಿ ಎಳೆದುಕೊಳ್ಳುತ್ತದೆ. ಅದಕ್ಕೆ ಮಂಜಿನ ತೇವ ಸೇರಿತ್ತು.

ಲೊಕೇಟರ್ ಕೆಟ್ಟಿರಲಿಲ್ಲ. ಹಿಂದೆ ರಸ್ತೆಗಾಗಿ ಆ ಲೈನನ್ನು ಒಂದು ಕಡೆ ಬಳಸಿ ಎಳೆದಿದ್ದರು. ಉದ್ದ 4 ಕಿ.ಮೀ. ಜಾಸ್ತಿಯಾಗಿತ್ತು. ಲೊಕೇಟರಿನಲ್ಲಿ ಹಳೆಯ ಉದ್ದವೇ ಇತ್ತು, ಟವರ್ ಪಟ್ಟಿಯೂ ಹಳೆಯದೇ. 4ರಲ್ಲಿ ಅರ್ಧ 2 ಕಿ.ಮೀ., ಅಂದರೆ ಐದು ಟವರ್. ಅಜ್ಜ ತೋರಿಸಿದ್ದೂ ಅದೇ ಅಲ್ವಾ?

ವೇಗದ ತಪ್ಪಿನ ಸ್ವಭಾವ ಬೇರೆ. ಫಾಲ್ಟ್ ಲೈನಿನ ನಡುಮಧ್ಯ ಆದರೆ ಎರಡು ಕಡೆಯ ಹೊತ್ತೂ ಒಂದೇ, ವೇಗ ಸ್ವಲ್ಪ ಹೆಚ್ಚುಕಡಿಮೆ ಇದ್ದರೂ ಉತ್ತರ ಕೆಡಲ್ಲ. ತುದಿಗೆ ಹೋದಷ್ಟೂ ತಪ್ಪು ಬೆಳೆಯುತ್ತದೆ. 1,400 ಕಿ.ಮೀ. ಲೈನಿನಲ್ಲಿ ವೇಗ ನೂರಕ್ಕೆ 0.2ರಷ್ಟು ತಪ್ಪಿದರೆ ತುದಿಯ ಹತ್ತಿರ 1.4 ಕಿ.ಮೀ. ವ್ಯತ್ಯಾಸ. ತಂತಿ ಜೋತು ಬೀಳೋದರಿಂದಲೇ ಇಷ್ಟು ಬಂದುಬಿಡಬಹುದು. 400 ಮೀಟರ್ ಸ್ಪ್ಯಾನ್ 12 ಮೀಟರ್ ಜೋತರೆ ತಂತಿ ಹತ್ತಿರ ಹತ್ತಿರ ಒಂದು ಮೀಟರ್ ಉದ್ದ ಜಾಸ್ತಿ. ಅಲೆ ಅಷ್ಟು ಹೆಚ್ಚು ಓಡಬೇಕು, ಲೆಕ್ಕಕ್ಕೆ ವೇಗ ಕಡಿಮೆಯಾದಂತೆ.

ಮರದ ಕೊಂಬೆ ತಾಗಿದಾಗ, ಲೈನ್ ಕೆಳಗೆ ಬೆಂಕಿ ಹಾಕಿದಾಗ ಇನ್ನೂ ಕಷ್ಟ. ಅಲೆಯ ಮುಂಭಾಗ ಚೂಪಾಗಿರಲ್ಲ. ಸಾವಿರ ಕಿ.ಮೀ. ಓಡುವಷ್ಟರಲ್ಲಿ ಇನ್ನೂ ಮೊಂಡಾಗುತ್ತದೆ. ಬಂದ ಕ್ಷಣ ಯಾವುದು ಅಂತ ಯಂತ್ರ ಅಂದಾಜು ಮಾಡಬೇಕು. ಇಂಥಾಗ ನಾನು ಯಂತ್ರದ ಅಂಕಿಯನ್ನೇ ನಂಬಲ್ಲ. ರೆಕಾರ್ಡ್ ತೆಗೆದು ಎರಡೂ ತುದಿಯ ಅಲೆಯನ್ನು ಕಣ್ಣಲ್ಲಿ ನೋಡಿ, ಏರಲು ಶುರುವಾದ ಜಾಗವನ್ನು ನಾನೇ ಗುರುತು ಮಾಡುತ್ತೇನೆ.

ಲೈನ್ ತಾನೇ ಚಾರ್ಜ್ ಆಯ್ತಲ್ಲ, ಸುಮ್ನೆ ಯಾಕೆ ಹುಡುಕಬೇಕು ಅಂತ ಕೇಳುವವರಿದ್ದಾರೆ. ಅದೇ ಡಿಸ್ಕ್ ಮುಂದಿನ ಮಂಜಿಗೆ ಮತ್ತೆ ಹೊಡೆಯುತ್ತದೆ, ಆಗ ಪೋಲ್ ವಾಪಸ್ ಬರದೇ ಇರಬಹುದು. ಹುಡುಕಲೇಬೇಕು. ಸಿಕ್ಕ ಮೇಲೆ ಲೊಕೇಟರ್ ಹೇಳಿದ ಕಿಲೋಮೀಟರ್ ಪಕ್ಕದಲ್ಲಿ ನಿಜವಾದ ಟವರ್ ನಂಬರ್ ಬರೆದಿಡಿ. ಅಂಥ ಹತ್ತು ಸಾಲು ಕೂಡಿದರೆ ನಿಮ್ಮ ಲೈನಿನ ವೇಗವನ್ನು ನೀವೇ ಸರಿಮಾಡಬಹುದು.