ಚಳಿನಾಡಿನ ಪಾಲಿಹೌಸು, ಚಳ್ಳಕೆರೆಯ ಬಿಸಿಲು

"ಸರ್, ಹತ್ತು ಗುಂಟೆಗೆ ಪಾಲಿಹೌಸ್ ಹಾಕ್ಸೋಣ ಅಂತಿದೀನಿ, ಯಾವ ಬೆಳೆ ಇಡ್ಲಿ?" ಚಿತ್ರದುರ್ಗ, ದಾವಣಗೆರೆ ಕಡೆಯ ರೈತರು ನನ್ನನ್ನು ಹೆಚ್ಚಾಗಿ ಕೇಳುವುದು ಇದನ್ನೇ. ಪಾಲಿಹೌಸ್ ಎಂದರೆ ಪೈಪಿನ ಚೌಕಟ್ಟಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿದ ಬೆಳೆಮನೆ. ಬೆಳೆಯನ್ನು ಯಾವುದರಿಂದ ಕಾಯಬೇಕಾಗಿದೆ, ಚಳಿಯಿಂದಲೋ ಮಳೆಯಿಂದಲೋ ಹುಳುವಿನಿಂದಲೋ ಎಂದು ನಾನು ತಿರುಗಿ ಕೇಳುತ್ತೇನೆ. ಅದು ತೀರ್ಮಾನವಾಗದೆ ಪೈಪು, ಹಾಳೆಯ ಲೆಕ್ಕಕ್ಕೆ ಇಳಿಯಬಾರದು.

ಅಮೆರಿಕದ ಕೆಂಟಕಿಯಲ್ಲಿ 1948ರಲ್ಲಿ ಪ್ರೊಫೆಸರ್ ಎಮ್ಮರ್ಟ್ ಗಾಜು ದುಬಾರಿಯೆಂದು ಪ್ಲಾಸ್ಟಿಕ್ ಹಾಳೆ ಹೊದಿಸಿ ಹಸಿರುಮನೆ ಕಟ್ಟಿದರು. ಉದ್ದೇಶ ಶಾಖ ಹಿಡಿದಿಡುವುದು. ಚೀನಾದ ಉತ್ತರ ಭಾಗದಲ್ಲಿ ಇಂಥ ಮನೆಗಳ ಉತ್ತರ ದಿಕ್ಕಿಗೆ ದಪ್ಪ ಗೋಡೆ ಎಬ್ಬಿಸುತ್ತಾರೆ. ಹಗಲಿನ ಬಿಸಿ ಗೋಡೆಯಲ್ಲಿ ಉಳಿದು ರಾತ್ರಿ ಗಿಡಕ್ಕೆ ಸಿಗುತ್ತದೆ. ಸ್ಪೇನಿನ ಅಲ್ಮೇರಿಯಾದಲ್ಲಿ 30,000 ಹೆಕ್ಟೇರಿಗೂ ಹೆಚ್ಚು ಜಮೀನು ಪ್ಲಾಸ್ಟಿಕ್ಕಿನಡಿ ಇದೆ. ಆದರೆ ಅಲ್ಲಿಯ ರೈತರೂ ಬೇಸಿಗೆ ಬಂದರೆ ಚಾವಣಿಗೆ ಸುಣ್ಣ ಬಳಿಯುತ್ತಾರೆ.

ನಮ್ಮದು ಪೂರ್ತಿ ಉಲ್ಟಾ ಸಮಸ್ಯೆ. ಏಪ್ರಿಲ್‌ನಲ್ಲಿ ಹೊರಗೆ 38 ಡಿಗ್ರಿ ಇದ್ದರೆ ಗಾಳಿಯಾಡದ ಪಾಲಿಹೌಸಿನೊಳಗೆ ಅದಕ್ಕೂ ಮೇಲೆ. ಟೊಮೆಟೊ ಹಗಲು 32 ಡಿಗ್ರಿ ದಾಟಿತೆಂದರೆ ಪರಾಗ ಕೆಡುತ್ತದೆ, ಹೂ ಉದುರುತ್ತದೆ. ಹಾಗಾಗಿ ಚಾವಣಿಯಂಚಿನಲ್ಲಿ ಮಳೆನೀರು ಹರಿಯುವ ದೋಣಿಯ ಎತ್ತರ ನಾಲ್ಕು ಮೀಟರ್‌ಗೆ ಕಡಿಮೆ ಬೇಡ. ಚಾವಣಿಯ ಕಿಂಡಿ ಗಾಳಿ ಬರುವ ದಿಕ್ಕಿಗಲ್ಲ, ಅದರ ವಿರುದ್ಧ ದಿಕ್ಕಿಗೆ ತೆರೆಯಬೇಕು. ಚಿತ್ರದುರ್ಗದ ಜೋಗಿಮಟ್ಟಿ ಕಡೆಯ ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸಿದ್ದು ಸುಮ್ಮನಲ್ಲ. ಆಷಾಢದಲ್ಲಿ ಆ ಗಾಳಿ ಒಳಹೊಕ್ಕರೆ ಹಾಳೆಯನ್ನೇ ಎತ್ತಿಬಿಡುತ್ತದೆ. ಗಾಳಿ ತಡೆಯಲು ಪಶ್ಚಿಮಕ್ಕೆ ಸ್ವಲ್ಪ ದೂರದಲ್ಲಿ ಸಿಲ್ವರ್ ಓಕ್ ಸಾಲು ಮೊದಲೇ ನೆಟ್ಟುಕೊಳ್ಳಿ.

ನೀರನ್ನು ಮಂಜಿನಂತೆ ಸಿಂಪಡಿಸುವ ಫಾಗರ್ ಹಾಕಿದರೆ ತಂಪಾಗುವುದಿಲ್ಲವೇ? ಆಗುತ್ತದೆ, ಒಣಗಾಳಿಯಲ್ಲಿ ಚೆನ್ನಾಗಿಯೇ ಆಗುತ್ತದೆ. ಆದರೆ ಆಳದ ಬೋರಿನ ಗಡಸು ನೀರು ನಾಜಲ್ ಕಟ್ಟಿಸುತ್ತದೆ, ಎಲೆಯ ಮೇಲೆ ಬಿಳಿ ಉಪ್ಪು ಕೂರಿಸುತ್ತದೆ. ಪಾಲಿಹೌಸಿಗೆ ಮುಂಗಡ ಕೊಡುವ ಮೊದಲು ನೀರು ಪರೀಕ್ಷೆ ಮಾಡಿಸಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಇನ್ನೊಂದು ಲೆಕ್ಕ ಯಾಕೋ ಬಹಳ ಜನ ಹಾಕುವುದೇ ಇಲ್ಲ. ಹತ್ತು ಗುಂಟೆ ಚಾವಣಿ ಎಂದರೆ ಸುಮಾರು 1,000 ಚದರ ಮೀಟರ್. ಒಂದು ಮಿಲಿಮೀಟರ್ ಮಳೆಗೆ ಸಾವಿರ ಲೀಟರ್. ವರ್ಷಕ್ಕೆ 500 ಮಿ.ಮೀ. ಬಿದ್ದರೆ ಐದು ಲಕ್ಷ ಲೀಟರ್. ಸೋರಿ ಹೋಗುವುದನ್ನು ಕಳೆದರೂ ನಾಲ್ಕು ಲಕ್ಷ ಲೀಟರ್ ಉಪ್ಪಿಲ್ಲದ ನೀರು ಹೊಂಡಕ್ಕೆ ಇಳಿಯುತ್ತದೆ. ಅದನ್ನು ಬೋರಿನ ನೀರಿಗೆ ಬೆರೆಸಿ ಡ್ರಿಪ್‌ನಲ್ಲಿ ಬಿಟ್ಟರೆ ದೊಣ್ಣೆ ಮೆಣಸಿನಕಾಯಿ ನೆಮ್ಮದಿಯಾಗಿ ಬರುತ್ತದೆ. ಚಳ್ಳಕೆರೆ, ಜಗಳೂರಿನಂಥ ಕಡೆ ಹಾಳೆಯಿಂದ ಆಗುವ ದೊಡ್ಡ ಉಪಕಾರ ಇದೇ ಎನ್ನುವುದು ನನ್ನ ಅಭಿಪ್ರಾಯ.

ಚನ್ನಗಿರಿಯ ಮಲೆನಾಡು ಸೆರಗಿನಲ್ಲಿ ಮಾತು ಬೇರೆ. ಅಲ್ಲಿ ಮಳೆ ತಡೆಯುವ ಚಾವಣಿ ಸಾಕು, ಪಕ್ಕ ತೆರೆದೇ ಇರಲಿ. ಹರಿಹರದ ನಾಲೆ ಬಯಲಲ್ಲಿ ಗದ್ದೆಯ ತೇವ ಬೇರೆ ಸೇರುವುದರಿಂದ ಗಿಡಗಳ ನಡುವೆ ಅಂತರ ಹೆಚ್ಚಿಡಿ.

ಕೈಯಲ್ಲಿ ದುಡ್ಡು ಕಡಿಮೆ ಇದ್ದವರು ಸಾಲ ಮಾಡಿ ಪಾಲಿಹೌಸಿಗೆ ಹೋಗುವುದು ಬೇಡ. ಕೀಟಪರದೆಯ ಮನೆಯಲ್ಲಿ ಟೊಮೆಟೊ, ಮೆಣಸಿನಕಾಯಿ, ಪಪ್ಪಾಯಿ ಸಸಿ ಮಾಡಿದರೆ ವೈರಸ್ ಹೊತ್ತು ತರುವ ಬಿಳಿನೊಣ, ಸಸ್ಯಹೇನು ಎಳೆಗಿಡಕ್ಕೆ ಮುಟ್ಟುವುದಿಲ್ಲ. ಪರದೆಯೊಳಗೆ ಕರ್ಬೂಜ ಇಡುವವರು ಹೂ ಬಿಟ್ಟಾಗ ಜೇನುಪೆಟ್ಟಿಗೆಯನ್ನೂ ಒಳಗಿಡಬೇಕು, ಇಲ್ಲವಾದರೆ ಕಾಯಿ ಕಚ್ಚುವುದಿಲ್ಲ.

ಬೇಸಿಗೆಯಲ್ಲಿ ಪಾಲಿಹೌಸ್ ಖಾಲಿ ಬಿಡಲು ಮನಸ್ಸು ಒಪ್ಪುವುದಿಲ್ಲ, ಗೊತ್ತು. ಆದರೆ ಬೇರುಗಂಟು ಜಂತುಹುಳು ಒಮ್ಮೆ ಸೇರಿಕೊಂಡರೆ ಬೆಳೆ ಬೆಳೆಗೂ ಹೆಚ್ಚುತ್ತದೆ. ಮಾರ್ಚ್ ಕೊನೆಗೆ ಗಿಡ ಕಿತ್ತು, ಬೇರು ಸಮೇತ ಹೊರಗೆ ಹಾಕಿ. ಡ್ರಿಪ್ ಪೈಪು ಸುತ್ತಿಡಿ. ಮಣ್ಣು ನೆನೆಸಿ, ಮೇಲೆ ತೆಳ್ಳನೆಯ ಪಾರದರ್ಶಕ ಹಾಳೆ ಹಾಸಿ, ಅಂಚಿಗೆ ಮಣ್ಣು ಮುಚ್ಚಿ ಐದಾರು ವಾರ ಬಿಡಿ; ಬಿಸಿಲ ಕಾವಿಗೆ ಮಣ್ಣಿನ ಹುಳು ಬಹುಪಾಲು ಸಾಯುತ್ತದೆ. ಆಮೇಲೆ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಬೆರೆಸಿದ ಕೊಟ್ಟಿಗೆ ಗೊಬ್ಬರ ಕೊಟ್ಟು, ಜೂನ್‌ನಲ್ಲಿ ಹೊಸ ಮಡಿಗೆ ಸಸಿ ನಾಟಿ ಮಾಡಿ.