'ರೋಗಿಯ ಕಾಂಡಕೋಶ': ಯಾವ ಕಾಂಡ, ಎಲ್ಲಿಯ ಕೋಶ?

ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಈ ತಿಂಗಳು ಮೂರನೇ ಸಲ ಅದೇ ಸಾಲು ಬಂತು: "ರೋಗಿಯ ಕಾಂಡಕೋಶ ತೆಗೆದು ಬೈಪೋಲಾರ್ ವಾಸಿ ಮಾಡ್ತಾರಂತೆ." ಬೈಪೋಲಾರ್ ಅಂದರೆ ಮನಸ್ಸು ಕೆಲವು ಕಾಲ ತೀರಾ ಉಬ್ಬರಕ್ಕೂ ಕೆಲವು ಕಾಲ ತೀರಾ ಬೇಸರಕ್ಕೂ ಹೋಗುವ ಕಾಯಿಲೆ; ಕಾಂಡಕೋಶ ಅಂದರೆ ಬೇರೆ ಬಗೆಯ ಕೋಶಗಳು ಹುಟ್ಟುವ ಮೂಲ ಕೋಶ, ಇಂಗ್ಲಿಷಿನ 'ಸ್ಟೆಮ್ ಸೆಲ್'. ತೆಗೆಯುವುದೂ ಇಲ್ಲ, ವಾಸಿ ಮಾಡುವುದೂ ಇಲ್ಲ.

ಮೊದಲು ಕಾಂಡ. 1868ರಲ್ಲಿ ಜರ್ಮನಿಯ ಜೀವವಿಜ್ಞಾನಿ ಅರ್ನ್ಸ್ಟ್ ಹೆಕೆಲ್ 'ಶ್ಟಾಮ್‌ತ್ಸೆಲ್ಲೆ' ಎಂಬ ಪದ ಬಳಸಿದ. 'ಶ್ಟಾಮ್' ಅಂದರೆ ಮರದ ಬೊಡ್ಡೆ; ವಂಶ ಎಂಬ ಅರ್ಥವೂ ಇದೆ. ವಂಶವೃಕ್ಷಕ್ಕೆ ಅಲ್ಲಿ 'ಶ್ಟಾಮ್‌ಬೌಮ್' ಅಂತಲೇ ಹೆಸರು. ಜೀವಿಗಳ ವಂಶವೃಕ್ಷ ಬರೆಯುವುದೆಂದರೆ ಹೆಕೆಲ್‌ಗೆ ಪ್ರಾಣ. ಅವನ ತಲೆಯಲ್ಲಿದ್ದುದು ಕವಲುಗಳೆಲ್ಲ ಹೊರಟ ಬುಡ. ಇಂಗ್ಲಿಷಿನಲ್ಲಿ ಅದು 'ಸ್ಟೆಮ್' ಆಯಿತು. ನಮ್ಮವರು ಶಾಲೆಯಲ್ಲಿ ಕಲಿತ ಬೇರು, ಕಾಂಡ, ಎಲೆ ನೆನೆದು ಕಾಂಡ ಹಿಡಿದರು. ನಿಘಂಟಿನ ಲೆಕ್ಕದಲ್ಲಿ ತಪ್ಪಲ್ಲ. ಆದರೆ ಓದುವವರ ಕಣ್ಣಿಗೆ ಬರುವುದು ದಂಟಿನ ಸೊಪ್ಪು! 'ಆಕರಕೋಶ' ಎಂಬ ಒಳ್ಳೆಯ ಪದ ಚಲಾವಣೆಯಲ್ಲೇ ಇದೆ. ನಾನು ಅದನ್ನೇ ಬರೆಯುತ್ತೇನೆ.

ಇನ್ನು 'ರೋಗಿಯ'. ಕಾಯಿಲೆ ಅರಿಯಲು ಬದುಕಿರುವವರ ಮಿದುಳು ಕೊಯ್ದು ನೋಡಲಾಗದು, ಅಲ್ವಾ? ಅದಕ್ಕೇ ತೋಳಿನಿಂದ ಸ್ವಲ್ಪ ರಕ್ತ, ಇಲ್ಲವೇ ಚೂರು ಚರ್ಮ ತೆಗೆದುಕೊಳ್ಳುತ್ತಾರೆ. ಅದರಲ್ಲಿರುವುದು ಮಾಮೂಲಿ ಕೋಶ. ಅಂಥ ಕೋಶದಲ್ಲಿ ನಾಲ್ಕು ಜೀನ್‌ಗಳನ್ನು ಚುರುಕು ಮಾಡಿದರೆ ಅದು ಮತ್ತೆ ಎಳೆಯದಾಗಿ, ಯಾವ ಕೋಶ ಬೇಕಾದರೂ ಆಗಬಲ್ಲದು. ಇದನ್ನು ಜಪಾನಿನ ಕ್ಯೋಟೊದ ವಿಜ್ಞಾನಿ ಶಿನ್ಯಾ ಯಮನಾಕ 2006ರಲ್ಲಿ ಇಲಿಯ ಕೋಶದಲ್ಲಿ, 2007ರಲ್ಲಿ ಮನುಷ್ಯರದರಲ್ಲಿ ತೋರಿಸಿದರು. 2012ರಲ್ಲಿ ನೊಬೆಲ್ ಬಂತು. ಹಾಗಾಗಿ ಈ ಆಕರಕೋಶ ರೋಗಿಯ ಮೈಯಲ್ಲಿ ಸಿಕ್ಕಿದ್ದಲ್ಲ, ಲ್ಯಾಬಿನಲ್ಲಿ ಮಾಡಿದ್ದು. ಜೀನ್‌ಗಳು ಮಾತ್ರ ರೋಗಿಯವೇ, ಅಂದರೆ ಅವರ ವಂಶದವು. ಹೆಕೆಲ್‌ನ ಪದ ಇಲ್ಲಿ ಸರಿಯಾಗಿ ಕೂರುತ್ತದೆ.

ಅದನ್ನು ತಟ್ಟೆಯಲ್ಲಿ ವಾರಗಟ್ಟಲೆ ಸಾಕಿ ನರಕೋಶ ಮಾಡುತ್ತಾರೆ. 2015ರಲ್ಲಿ ಅಮೆರಿಕದ ಸಾಲ್ಕ್ ಸಂಸ್ಥೆಯವರು ನೋಡಿದ್ದು ಇದು: ಬೈಪೋಲಾರ್ ಇರುವವರ ನರಕೋಶಗಳು ಬೇರೆಯವರದಕ್ಕಿಂತ ಜಾಸ್ತಿ ಮಿಡಿಯುತ್ತಿದ್ದವು, ಅಂದರೆ ಹೆಚ್ಚು ಸಲ ವಿದ್ಯುತ್ ಸಂಕೇತ ಹೊಮ್ಮಿಸುತ್ತಿದ್ದವು. ತಟ್ಟೆಗೆ ಬೈಪೋಲಾರ್‌ಗೆ ಕೊಡುವ ಔಷಧಿ ಲಿಥಿಯಂ ಹಾಕಿದರು. ಯಾರಿಗೆ ಲಿಥಿಯಂ ಮಾತ್ರೆ ನಾಟಿತ್ತೋ ಅವರ ಕೋಶಗಳು ಮಾತ್ರ ತಣ್ಣಗಾದವು. ಉಳಿದವರದು ಹಾಗೇ ಮಿಡಿಯುತ್ತಿತ್ತು.

ಇದನ್ನೇ ಹಿಡಿದು 'ತಟ್ಟೆಯಲ್ಲಿ ಬೈಪೋಲಾರ್ ಬೆಳೆಸಿದರು' ಅನ್ನುವವರೂ ಇದ್ದಾರೆ. ಸುಮ್ನೆ ಏನಾದ್ರೂ ಬರೆಯೋದು! ತಟ್ಟೆಯ ಕೋಶಕ್ಕೆ ಬೇಸರವೂ ಇಲ್ಲ, ಉಬ್ಬರವೂ ಇಲ್ಲ. ರಾತ್ರಿಯಿಡೀ ನಿದ್ದೆಗೆಟ್ಟು ಸಾಲ ಮಾಡಿ ಮೂರು ಸ್ಕೂಟರ್ ಬುಕ್ ಮಾಡುವುದು ಮನುಷ್ಯ, ಕೋಶವಲ್ಲ. ಅಲ್ಲಿ ನೋಡಲು ಸಿಗುವುದು ಮಿಡಿತದಂಥ ಒಂದೆರಡು ಗುರುತು, ಅಷ್ಟೇ.

ಬೆಂಗಳೂರಿನಲ್ಲೂ ಈ ಕೆಲಸ ನಡೆದಿದೆ. ನಿಮ್ಹಾನ್ಸ್ ಆಸ್ಪತ್ರೆ, ಎನ್‌ಸಿಬಿಎಸ್ ಮತ್ತು ಇನ್‌ಸ್ಟೆಮ್ ಎಂಬ ಜೀವವಿಜ್ಞಾನ ಸಂಶೋಧನಾ ಸಂಸ್ಥೆಗಳು ಒಟ್ಟಾಗಿ, ಒಂದಕ್ಕಿಂತ ಹೆಚ್ಚು ಜನರಿಗೆ ಮಾನಸಿಕ ಕಾಯಿಲೆ ಇರುವ ಕುಟುಂಬಗಳನ್ನು ಆರಿಸಿಕೊಂಡವು. ಕಾಯಿಲೆ ಇರುವವರ ಕೋಶವನ್ನು ಅದೇ ಮನೆಯ ಕಾಯಿಲೆ ಇಲ್ಲದವರ ಕೋಶದ ಪಕ್ಕ ಇಟ್ಟು ನೋಡಬಹುದು. ಕೋಶಗಳೇನೂ ರೋಗಿಯ ಮೈಗೆ ವಾಪಸು ಹೋಗುವುದಿಲ್ಲ. ಅವು ಫ್ರೀಜರಿನಲ್ಲಿರುತ್ತವೆ. ರಕ್ತ ಕೊಟ್ಟವರು ತೋಳಿನ ಹತ್ತಿ ಒತ್ತಿಕೊಂಡು ಮನೆಗೆ ಹೋಗಿ, ರಾತ್ರಿ ಅದೇ ಹಳೇ ಮಾತ್ರೆ ನುಂಗುತ್ತಾರೆ.